ಹೊಸ ಎಂಜಿನ್ನಿಗೆ ಯಾವ ಎಣ್ಣೆ?

ಕಾಫಿ ಕೊಯ್ಲು ಮುಗಿದು ಮಾರಿದ ದುಡ್ಡು ಕೈಗೆ ಬಂತೆಂದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಹೊಸ ಬೈಕಿನ ಮಾತು ಏಳುತ್ತದೆ. ಲೈಸೆನ್ಸ್ ಪಡೆದ ಮಗನೋ ಮಗಳೋ ಕಾಲೇಜಿಗೆ ಹೋಗಿಬರಲು ಗಾಡಿ ಬೇಕು. ಗಾಡಿ ಅಂಗಳಕ್ಕೆ ಬಂದ ಮರುದಿನವೇ ಚರ್ಚೆ ಶುರು. "ಹೊಸ ಎಂಜಿನ್ನು, ಎಣ್ಣೆ ಸ್ವಲ್ಪ ಜಾಸ್ತಿಯೇ ಇರಲಿ" ಎನ್ನುತ್ತಾರೆ ಅಪ್ಪ. "ಇರೋದನ್ನ ಬಸಿದು ದುಬಾರಿ ಸಿಂಥೆಟಿಕ್ ಹಾಕಿಸು" ಎನ್ನುತ್ತಾನೆ ಮಗನ ಗೆಳೆಯ. ಯಾರ ಮಾತು ಸರಿ?

ಅಪ್ಪನ ಮಾತಿಗೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕಿತ್ತು. ಅದು ಎಂಜಿನ್ನಿನ ಒಳಭಾಗವನ್ನು ನೆನೆಸಿ, ಪೆಟ್ರೋಲಿನ ಜೊತೆಗೇ ಸುಟ್ಟುಹೋಗುತ್ತಿತ್ತು. ಹೊಸದರಲ್ಲಿ ಎಣ್ಣೆಯ ಪಾಲು ಹೆಚ್ಚಿಸುವುದು ಅಂದಿನ ರೂಢಿ. ಇಂದಿನ ಬೈಕು ಫೋರ್-ಸ್ಟ್ರೋಕ್. ಇದರ ಎಣ್ಣೆ ಎಂಜಿನ್ನಿನ ತಳದಲ್ಲಿ ನಿಂತು, ಅಲ್ಲಿಂದ ಸುತ್ತಿ ಬರುತ್ತದೆ. ಅಳತೆ ಮೀರಿ ತುಂಬಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಲೋಹವನ್ನು ಕಾಪಾಡದು.

ಇನ್ನು ಗೆಳೆಯನ ಮಾತು. ಹೊಸ ಸಿಲಿಂಡರಿನ ಒಳಗೋಡೆಯ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಹಾಕಿರುತ್ತಾರೆ. ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಪಿಸ್ಟನ್ ರಿಂಗುಗಳು ಈ ಗೀರುಗಳ ತುದಿ ಸವೆಸುತ್ತಾ ಗೋಡೆಗೆ ಹೊಂದಿಕೊಳ್ಳುತ್ತವೆ, ಹೊಸ ಚಪ್ಪಲಿ ಕಾಲಿಗೆ ಹೊಂದಿದ ಹಾಗೆ. ಎಣ್ಣೆ ತೀರಾ ಜಾರಿದರೆ ಇದು ತಡವಾದೀತೆಂದೇ 'ಮೊದಲು ಸಾದಾ ಮಿನರಲ್ ಎಣ್ಣೆ' ಎಂಬ ನಿಯಮ ಹುಟ್ಟಿದ್ದು. ಈಗ ಗೋಡೆಯನ್ನು ಹೆಚ್ಚು ನಯವಾಗಿ ಹದಗೊಳಿಸುವುದರಿಂದ ಕೆಲವು ಎಂಜಿನ್ನುಗಳಿಗೆ ಕಾರ್ಖಾನೆಯಲ್ಲೇ ಸಿಂಥೆಟಿಕ್ ತುಂಬುತ್ತಾರೆ. ಆದ್ದರಿಂದ ಕಂಪನಿ ತುಂಬಿದ ಎಣ್ಣೆಯನ್ನು ಮೊದಲ ಸರ್ವಿಸಿನವರೆಗೆ ಬದಲಿಸಬೇಡಿ. ಮುಂದೆಯೂ ಕೈಪಿಡಿ ಹೇಳಿದ್ದನ್ನೇ ಹಾಕಿಸಿ.

ಕೈಪಿಡಿಯಲ್ಲಿ '10ಡಬ್ಲ್ಯು-30' ಎಂಬಂಥ ಗುರುತು ಇರುತ್ತದೆ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ತಣ್ಣಗಿದ್ದಾಗಿನ ಮಂದತೆಯನ್ನು, ಎರಡನೆಯದು ಎಂಜಿನ್ ಕಾದಾಗಿನ ಮಂದತೆಯನ್ನು ಸೂಚಿಸುತ್ತದೆ. ಮಡಿಕೇರಿಯ ಚಳಿಗೆ ಇನ್ನೂ ತೆಳು ಎಣ್ಣೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. 10ಡಬ್ಲ್ಯು ಎಣ್ಣೆ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಪರೀಕ್ಷೆಯಲ್ಲಿ ಪಾಸಾಗಿ ಬಂದದ್ದು! ಗೇರು ಬೈಕಾದರೆ ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಎಂಬ ಗುರುತನ್ನೂ ನೋಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಇದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಜಾರುವಿಕೆ ಹೆಚ್ಚಿಸುವ ಕಾರಿನ ಎಣ್ಣೆ ಹಾಕಿದರೆ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಎಣ್ಣೆಯಷ್ಟೇ ಮುಖ್ಯ ಓಡಿಸುವ ರೀತಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಟಾಪ್ ಗೇರಿನಲ್ಲೇ ತಿಣುಕಿಸಬೇಡಿ, ಗೇರು ಇಳಿಸಿ. ಗಂಟೆಗಟ್ಟಲೆ ಒಂದೇ ವೇಗವೂ ಬೇಡ, ಗೆಳೆಯರ ಜೊತೆ ಪಂದ್ಯವೂ ಬೇಡ. ರಿಂಗು ಸರಿಯಾಗಿ ಕೂರದಿದ್ದರೆ ಎಂಜಿನ್ ಎಣ್ಣೆ ಕುಡಿದು ನೀಲಿ ಹೊಗೆ ಬಿಡುತ್ತದೆ. ಆಮೇಲೆ ಎಂಜಿನ್ ಬಿಚ್ಚಿಸಬೇಕು. ಕಾಫಿಯ ದುಡ್ಡು ಮತ್ತೆ ಗ್ಯಾರೇಜಿಗೆ!

ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1000 ಕಿಲೋಮೀಟರಿನೊಳಗೆ. ಅದನ್ನು ಪರೀಕ್ಷೆಯ ನೆಪ ಹೇಳಿ ಮುಂದೂಡಬೇಡಿ. ಆ ದಿನ ಮಕ್ಕಳ ಜೊತೆ ಹಿರಿಯರೂ ಗ್ಯಾರೇಜಿಗೆ ಹೋಗಿ. ಬಸಿದ ಎಣ್ಣೆಯ ನಾಲ್ಕು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ ಬಿಸಿಲಿಗೆ ಹಿಡಿದರೆ ಲೋಹದ ಸಣ್ಣ ಪುಡಿ ಮಿನುಗುವುದು ಕಂಡೀತು. ಹೊಂದಿಕೊಳ್ಳುವಾಗ ಸವೆದದ್ದು ಅದು. ಅದನ್ನು ಹೊರಗೆ ತರುವುದೇ ಮೊದಲ ಎಣ್ಣೆಯ ದೊಡ್ಡ ಕೆಲಸ. ನೋಡಿದ ಮೇಲೆ ಆ ಎಣ್ಣೆಯನ್ನು ಗ್ಯಾರೇಜಿನ ಡಬ್ಬಕ್ಕೇ ಬಿಡಿ. ಮನೆಯಲ್ಲೇ ಬದಲಿಸಿದರೂ ತೋಡಿಗೆ ಚೆಲ್ಲಬೇಡಿ. ನಮ್ಮ ತೋಡುಗಳ ನೀರು ಹೋಗಿ ಸೇರುವುದು ಹೊಳೆಗೇ.