ನಕ್ಷತ್ರ ಇಳಿಸುವ ಅವಸರ

ಡಿಸೆಂಬರ್ 26ರ ಬೆಳಿಗ್ಗೆಯೇ ಏಣಿ ಇಟ್ಟು ನಕ್ಷತ್ರ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ಹಬ್ಬ ಮುಗಿಯಿತಲ್ಲ’ ಎನ್ನುತ್ತಾರೆ. ಮುಗಿದದ್ದು ಯಾರ ಹಬ್ಬ ಸ್ವಾಮಿ? ಅಂಗಡಿಯವನದ್ದು. ನವೆಂಬರಿನಲ್ಲೇ ಹತ್ತಿಯ ಹಿಮ ಅಂಟಿಸಿದ ಅವನಿಗೆ ಈಗ ಹೊಸವರ್ಷದ ಸರಕು ಸಾಗಬೇಕು. ಧರ್ಮಸಭೆಯ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಆರಂಭವಾಗುವುದೇ 24ರ ಸಂಜೆ. ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳದ್ದು ಕಾಯುವ ಕಾಲ. ನಾವೋ, ಕಾಯಬೇಕಾದಾಗ ಕುಣಿದು, ಕುಣಿಯಬೇಕಾದಾಗ ಅಂಗಳ ಗುಡಿಸುತ್ತೇವೆ.

ನಮ್ಮ ಮಂಗಳೂರಿನ ಗೋದಲಿಗಳನ್ನೇ ನೋಡಿ. ಮಕ್ಕಳು ಡಬ್ಬಿಯಲ್ಲಿ ಭತ್ತ ಮೊಳೆಸಿ ತಂದಿಟ್ಟ ಹಸಿರು ಇನ್ನೂ ಬಾಡಿರುವುದಿಲ್ಲ. ಮೂವರು ಜ್ಞಾನಿಗಳ ಹಬ್ಬ ಸಂಪ್ರದಾಯದಂತೆ ಜನವರಿ 6ಕ್ಕೆ. ಅಷ್ಟು ದೂರದಿಂದ ಹೊರಟವರು ಬಂದು ನೋಡುವುದೇನು, ಖಾಲಿ ಮೂಲೆಯನ್ನೇ? ಅವರಿಗೆ ದಾರಿ ತೋರಿಸಿದ್ದು ನಕ್ಷತ್ರ. ನಾವು ಮೊದಲು ಇಳಿಸುವುದು ಅದನ್ನೇ! ವ್ಯಾಟಿಕನ್ನಿನ ಸಂತ ಪೇತ್ರರ ಚೌಕದ ಗೋದಲಿ ಸಾಮಾನ್ಯವಾಗಿ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಇರುತ್ತದೆ. ಅವರಿಗಿಲ್ಲದ ಅವಸರ ನಮಗೇಕೆ?

ಹಾಗೆಂದು ಬಣ್ಣಗೆಟ್ಟ ನಕ್ಷತ್ರ ಮಳೆಗಾಲದವರೆಗೆ ಮಾವಿನ ಕೊಂಬೆಯಲ್ಲಿ ನೇತಾಡಲಿ ಎನ್ನುತ್ತಿಲ್ಲ. ಅದು ಭಕ್ತಿಯಲ್ಲ, ಸೋಮಾರಿತನ. ಜ್ಞಾನಿಗಳು ಬಂದು ಹೋದ ಮೇಲೆ ಮನೆಮಂದಿಯೆಲ್ಲ ಕೂಡಿ ಇಳಿಸಿರಿ. ಕಟ್ಟುವಾಗ ಇದ್ದ ದಂಡು ಬಿಚ್ಚುವಾಗಲೂ ಇರಲಿ. ಬೊಂಬೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡುವ ಕೆಲಸ ಅಮ್ಮನೊಬ್ಬಳ ಪಾಲಿಗೆ ಬೀಳದಿರಲಿ. ಬಂದ ನೆಂಟರನ್ನು ಗೇಟಿನವರೆಗೆ ಹೋಗಿ ಕಳಿಸಿಕೊಡುವ ಜನ ನಾವು. ಹಬ್ಬವನ್ನು ಮಾತ್ರ ಕತ್ತು ಹಿಡಿದು ಹೊರದಬ್ಬುವುದೆ?