ಫೈಲುಗಳನ್ನು ಕೂಡಿಸಿದರೆ ಸಾಲದು, ಸಾಲುಗಳನ್ನು ಎಣಿಸಬೇಕು

ತಿಂಗಳ ಕೊನೆಗೆ ಪ್ರತಿ ಸೆಕ್ಷನ್ನಿನ, ಪ್ರತಿ ವಿಷಯದ ಹಾಜರಾತಿ ಫೈಲುಗಳು ಬೇರೆ ಬೇರೆಯಾಗಿ ಬರುತ್ತವೆ. ಒಂದೊಂದನ್ನೇ ತೆರೆದು, ಕಾಪಿ ಮಾಡಿ, ಒಂದೇ ಶೀಟಿಗೆ ಪೇಸ್ಟ್ ಮಾಡುವ ಕೆಲಸ ಯಾರೋ ಒಬ್ಬರ ತಲೆಗೆ ಬೀಳುತ್ತದೆ. ಪೈಥಾನ್‌ನ ಒಂದು ಸಣ್ಣ ಸ್ಕ್ರಿಪ್ಟ್ ಇದನ್ನು ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ. ಕಂಪ್ಯೂಟರ್ ಸೈನ್ಸ್ ಓದುವ ನಾವೇ ಅದನ್ನು ಬರೆದುಕೊಡಬೇಕು. ಆದರೆ ಎಷ್ಟು ಸಾಲು ಓದಿತು, ಎಷ್ಟು ಸಾಲು ಬರೆಯಿತು ಎಂಬ ಲೆಕ್ಕವನ್ನೂ ಆ ಸ್ಕ್ರಿಪ್ಟ್ ಕೊಡಬೇಕು. ಲೆಕ್ಕ ಕೊಡದ ಸ್ಕ್ರಿಪ್ಟ್ ನಮಗೆ ಬೇಡ.

ಯಾಕೆಂದರೆ ಇಂಗ್ಲೆಂಡಿನಲ್ಲಿ ಒಮ್ಮೆ ಹೀಗಾಗಿದೆ. 2020ರಲ್ಲಿ ಲ್ಯಾಬ್‌ಗಳಿಂದ ಬರುತ್ತಿದ್ದ ಕೊರೊನಾ ಪರೀಕ್ಷೆಯ ಸಿಎಸ್‌ವಿ ಫೈಲುಗಳನ್ನು ಅಲ್ಲಿನ ಆರೋಗ್ಯ ಸಂಸ್ಥೆ ತಾನೇ ತಾನಾಗಿ ಎಕ್ಸೆಲ್‌ಗೆ ಸೇರಿಸುತ್ತಿತ್ತು. ಬಳಸಿದ್ದು ಹಳೆಯ ಎಕ್ಸ್‌ಎಲ್‌ಎಸ್ ಮಾದರಿ. ಅದರ ಒಂದು ಶೀಟಿನಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಉಳಿದವು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲಿಲ್ಲ. ಸೋಂಕಿತರಿಗೆ ತಮ್ಮ ಫಲಿತಾಂಶವೇನೋ ತಲುಪಿತ್ತು, ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ತಡವಾಯಿತು. ಬಂದ ಸಾಲುಗಳನ್ನೂ ಉಳಿದ ಸಾಲುಗಳನ್ನೂ ಹೋಲಿಸಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ನಮ್ಮದು ಅಷ್ಟು ದೊಡ್ಡ ಲೆಕ್ಕವಲ್ಲ, ನಿಜ. ನಮ್ಮ ತೊಡಕು ಹೆಸರುಗಳದ್ದು. ಮುಹಮ್ಮದ್ ಎಂಬುದನ್ನು ಒಬ್ಬರು ಮೊಹಮ್ಮದ್ ಎಂದು, ಇನ್ನೊಬ್ಬರು ಮಹಮ್ಮದ್ ಎಂದು, ಅವಸರದಲ್ಲಿರುವವರು ಬರೀ ‘ಎಂಡಿ’ ಎಂದು ಟೈಪ್ ಮಾಡುತ್ತಾರೆ. ಒಂದೇ ಸೆಕ್ಷನ್ನಿನಲ್ಲಿ ಮೂವರು ಫಾತಿಮಾ ಇರುವುದೂ ಉಂಟು. ಹೆಸರು ನೋಡಿ ಕೂಡಿಸುವ ಸ್ಕ್ರಿಪ್ಟಿಗೆ ಒಬ್ಬ ಮುಹಮ್ಮದ್ ಮೂವರಾಗುತ್ತಾನೆ, ಮೂವರು ಫಾತಿಮಾ ಒಬ್ಬಳೇ ಆಗುತ್ತಾಳೆ! ನಗು ಬರಬಹುದು. ಆದರೆ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು, ಮೂರು ಹೋಳಾದ ಮುಹಮ್ಮದನಿಗೆ ಅದು ಎಲ್ಲಿಂದ ಬರಬೇಕು? ಆದ್ದರಿಂದ ಕೂಡಿಸುವುದು ನೋಂದಣಿ ಸಂಖ್ಯೆಯ ಮೇಲೇ ಆಗಲಿ. ಅದನ್ನು ಅಂಕಿಯಾಗಿ ಅಲ್ಲ, ಪಠ್ಯವಾಗಿ ಓದಿಸಬೇಕು. ಇಲ್ಲದಿದ್ದರೆ ಮೊದಲಲ್ಲಿರುವ ಸೊನ್ನೆ ಮಾಯವಾಗುತ್ತದೆ.

ಕೈಯಿಂದ ಮಾಡಿದರೆ ಕಣ್ಣಿಗಾದರೂ ಬೀಳುತ್ತದೆ ಎನ್ನುವವರಿದ್ದಾರೆ. ಇಪ್ಪತ್ತನೆಯ ಫೈಲಿಗೆ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ಪೇಸ್ಟ್ ಮಾಡಿದ್ದು ಎಲ್ಲಿ ತಪ್ಪಿತೆಂದು ಆಮೇಲೆ ಹುಡುಕಲೂ ಆಗದು. ಸ್ಕ್ರಿಪ್ಟ್ ಮೂಲ ಫೈಲುಗಳನ್ನು ಮುಟ್ಟುವುದಿಲ್ಲ, ಬೇಕೆಂದಾಗ ಮತ್ತೆ ಓಡಿಸಬಹುದು. ಪ್ರತಿ ಸಾಲಿನ ಪಕ್ಕದಲ್ಲಿ ಅದು ಬಂದ ಫೈಲಿನ ಹೆಸರನ್ನೂ ಬರೆಸಿದರೆ ತಪ್ಪಿನ ಜಾಡು ಹಿಡಿಯುವುದು ಸುಲಭ.

ಪ್ರಾಂಶುಪಾಲರಲ್ಲಿ ಒಂದು ವಿನಂತಿ. ಮುಂದಿನ ತಿಂಗಳ ಹಾಜರಾತಿಯನ್ನು ಲ್ಯಾಬ್‌ನಲ್ಲಿ ಉಪನ್ಯಾಸಕರ ಎದುರಿಗೇ ಹೀಗೆ ಕೂಡಿಸಲು ಅವಕಾಶ ಕೊಡಿ. ಪಟ್ಟಿ ಅಂತಿಮವಾಗುವ ಒಂದು ವಾರ ಮೊದಲು ನೋಂದಣಿ ಸಂಖ್ಯೆಯೊಂದಿಗೆ ಅದನ್ನು ನೋಟಿಸ್ ಬೋರ್ಡಿಗೆ ಹಾಕಿಸಿ.