ಬಲಮುರಿ ತೆರೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಅಲೆಯ ಪರ್ಯಾಯಪದಗಳು ಕಂಠಪಾಠ: ತರಂಗ, ವೀಚಿ, ಊರ್ಮಿ, ಕಲ್ಲೋಲ. ಆದರೆ ತೆರೆಯೊಂದು ಎಲ್ಲಿ ಹುಟ್ಟುತ್ತದೆ, ಏಕೆ ಬಾಗುತ್ತದೆ, ಎಷ್ಟು ಆಳದಲ್ಲಿ ಒಡೆಯುತ್ತದೆ ಎಂದು ಕೇಳಿದರೆ ನಾಲಗೆ ತಡವರಿಸುತ್ತದೆ. ವಸ್ತುವಿನ ನಡೆಯನ್ನು ವಿವರಿಸಲಾಗದ ಪದಸಂಪತ್ತು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ. ಗೋವೆಯ ಕಡಲಲ್ಲಿ ಹಲಗೆಯ ಮೇಲೆ ತೆರೆಯೇರುವ ಸರ್ಫಿಂಗ್ ವಿದ್ಯೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ.

ಈ ಸವಾರರು ಹಂಬಲಿಸುವ ತೆರೆಯೊಂದಿದೆ. ಅದು ಭೂಶಿರದ ತುದಿಯಲ್ಲಿ ಒಡೆಯತೊಡಗಿ, ದಡದುದ್ದಕ್ಕೂ ಒಂದೇ ದಿಕ್ಕಿಗೆ ಸುರುಳಿ ಬಿಚ್ಚುತ್ತ ಸಾಗುತ್ತದೆ. ದಡಕ್ಕೆ ಮುಖಮಾಡಿದ ಸವಾರನ ಬಲಕ್ಕೆ ಸಾಗಿದರೆ ಇಂಗ್ಲಿಷಿನವರಿಗೆ ಅದು ‘ರೈಟ್‌ಹ್ಯಾಂಡ್ ಪಾಯಿಂಟ್ ಬ್ರೇಕ್’. ನಮ್ಮಲ್ಲಿ ಬಲಮುರಿ ಶಂಖವಿದೆ. ‘ಮುರಿ’ ಎಂಬ ಧಾತುವಿಗೆ ತಿರುಗು, ಒಡೆ ಎಂಬ ಎರಡು ಅರ್ಥಗಳೂ ಇವೆ. ಇದನ್ನು ‘ಬಲಮುರಿ ತೆರೆ’ ಎನ್ನಲು ಅಡ್ಡಿಯೇನು?

ಪಡುವಣಕ್ಕೆ ತೆರೆದ ಗೋವೆಯಲ್ಲಿ ಸವಾರನ ಬಲವೆಂದರೆ ತೆಂಕು. ಆದ್ದರಿಂದ ಭೂಶಿರವು ತೀರದ ಬಡಗು ತುದಿಯಲ್ಲಿರಬೇಕು; ಅರಂಬೋಲ್ ಎಂದು ಪ್ರಸಿದ್ಧವಾದ ಹರ್ಮಲ್ ತೀರದ ಬಂಡೆಗುಡ್ಡ ಇರುವುದು ಹಾಗೆಯೇ. ತೆರೆಯೂ ವಾಯವ್ಯದಿಂದ ಬರಬೇಕು. ಮಳೆಗಾಲದ ತೆರೆಗಳು ನೈಋತ್ಯದವು. ಆಗ ಕಡಲು ಪ್ರಕ್ಷುಬ್ಧ ಕೂಡ. ಚಳಿಗಾಲದಲ್ಲಿ ಅರೇಬಿಯಾದ ಕಡೆಯ ‘ಶಮಾಲ್’ ಗಾಳಿ ಎಬ್ಬಿಸಿದ ತೆರೆಗಳು ಅರಬ್ಬೀ ಸಮುದ್ರವನ್ನು ದಾಟಿ ವಾಯವ್ಯದಿಂದ ಇಲ್ಲಿಗೆ ಬರುತ್ತವೆ. ದೋನಾಪಾವುಲದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ.

ತೆರೆಯು ಆಳ ಕಡಿಮೆಯಿದ್ದೆಡೆ ನಿಧಾನವಾಗಿ, ಆಳವಿದ್ದೆಡೆ ವೇಗವಾಗಿ ಸಾಗುವುದರಿಂದ ಭೂಶಿರವನ್ನು ಸುತ್ತಿ ಬಾಗುತ್ತದೆ. ನೀರಿನ ಆಳ ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಒಡೆಯುತ್ತದೆ. ಬೆಳಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿ ಅದರ ಮೋರೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಮಧ್ಯಾಹ್ನದ ಕಡಲಗಾಳಿ ಕದಡುತ್ತದೆ. ಉಬ್ಬರ ಅತಿಯಾದರೆ ತೆರೆ ಸರಿಯಾಗಿ ಒಡೆಯದು. ಇಳಿತ ಅತಿಯಾದರೆ ಬಂಡೆ ತಲೆಯೆತ್ತುತ್ತದೆ. ಮರಾಠಿಯವರು ‘ಭರತಿ–ಓಹೋಟಿ’ ಎನ್ನುವ ಈ ಏರಿಳಿತವನ್ನು ನೋಡದೆ ಯಾವ ಸವಾರನೂ ನೀರಿಗಿಳಿಯನು.

ಈ ಅರಿವಿಗೆ ಪ್ರಾಣದ ಬೆಲೆಯುಂಟು. ತೆರೆಗಳು ದಡಕ್ಕೆ ತಂದ ನೀರು ಹಲವೆಡೆ ಬಂಡೆಯ ಬದಿ ಹಿಡಿದು ಕಡಲಿಗೆ ಮರಳುತ್ತದೆ. ಆ ಸೆಳವು ಸವಾರನಿಗೆ ದಾರಿ, ಅರಿಯದವನಿಗೆ ಮೃತ್ಯು. ತೆರೆಯೊಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಎಷ್ಟೋ ಸಲ ಸೆಳವಿನ ಜಾಡು. ಬಯಲುಸೀಮೆಯ ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಹೇಳಿದವರೆಷ್ಟು ಮಂದಿ? 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಸೆಳವಿಗೆ ಸಿಕ್ಕವರು ಅದಕ್ಕೆದುರಾಗಿ ಈಜಿ ದಣಿಯಬಾರದು; ತೇಲಬೇಕು, ಕೈಯೆತ್ತಿ ಕರೆಯಬೇಕು, ಬಲವಿದ್ದರೆ ಬಂಡೆಯಿಂದ ದೂರಕ್ಕೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಪ್ರವಾಸದ ಬಸ್ಸಿನಲ್ಲಿ ಓದಿಹೇಳಲು ಇಷ್ಟೇ ಸಾಕು.

ಇದು ವಿಜ್ಞಾನ ವಿಭಾಗದ ಕೆಲಸವಲ್ಲವೇ ಎಂದು ಕೆಲವರು ಕೇಳಿಯಾರು. ಕಾದಂಬರಿಕಾರರಾದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು, ಅವರು ಈ ಬೇಲಿಯನ್ನು ಒಪ್ಪಲಿಲ್ಲ. ವಿಷಯ ಬಲ್ಲವರು ಹಲವರಿದ್ದಾರೆ. ಅದನ್ನು ತಿಳಿಗನ್ನಡಕ್ಕೆ ತರುವವರು ಬೇಕಾಗಿದ್ದಾರೆ, ಆ ತರಬೇತಿ ಇರುವುದು ನಿಮಗೆ. ನಿಮ್ಮೂರಿನ ಕೆರೆ, ಹೊಳೆ, ಅಳಿವೆ ಯಾವುದಾದರೂ ಸರಿ, ಅದರ ನಡೆಯನ್ನು ಅಲ್ಲಿನ ಬೆಸ್ತರಲ್ಲಿ ಕೇಳಿ, ಅವರ ಮಾತುಗಳನ್ನೇ ಬಳಸಿ ಒಂದು ಪುಟ ಬರೆಯಿರಿ. ಈಜು ಬಾರದ ಹುಡುಗನೊಬ್ಬ ಅದನ್ನೋದಿ ದಡದಲ್ಲಿಯೇ ನಿಂತರೆ ನಿಮ್ಮ ಗದ್ಯ ಗೆದ್ದಂತೆ.